ಅಡಿಕೆ ತೋಟದ ಪರವಾಗಿ, ಷೆಂಗೆನ್ ವೀಸಾ ಅಧಿಕಾರಿಗಳಿಗೆ

ಗೆ,
ಮಾನ್ಯ ವೀಸಾ ಅಧಿಕಾರಿಗಳು,
ಷೆಂಗೆನ್ ವಲಯದ 29 ದೇಶಗಳ ದೂತಾವಾಸಗಳು.

ವಿಷಯ: ನಾವು ಊರಿಗೆ ಮರಳುವ ಬಗ್ಗೆ ತಮಗಿರುವ ಸಂಶಯ.

ಮಾನ್ಯರೇ,

ಅರ್ಜಿ ತಿರಸ್ಕರಿಸಿ ತಾವು ಕೈಗಿಡುವ ಕಾಗದದ ಅಚ್ಚುಕಟ್ಟನ್ನು ಮೊದಲು ಮೆಚ್ಚಬೇಕು. ಇಪ್ಪತ್ತೊಂಬತ್ತು ದೇಶಗಳಿಗೂ ಒಂದೇ ನಮೂನೆ. ಕಾರಣಗಳೆಲ್ಲ ಮೊದಲೇ ಅಚ್ಚಾಗಿರುತ್ತವೆ, ತಾವು ಚೌಕವೊಂದರಲ್ಲಿ ಗುರುತು ಹಾಕಿದರೆ ಕೆಲಸ ಮುಗಿಯಿತು. ಅವುಗಳಲ್ಲಿ ಒಂದು ಚೌಕ ನಮ್ಮವರಿಗೆ ಚೆನ್ನಾಗಿ ಪರಿಚಯ: ವೀಸಾ ಮುಗಿಯುವುದರೊಳಗೆ ನೀವು ನಮ್ಮ ನೆಲ ಬಿಟ್ಟು ಹೊರಡುತ್ತೀರಿ ಎಂಬುದರಲ್ಲಿ ನಮಗೆ ಸಕಾರಣವಾದ ಸಂಶಯವಿದೆ. 2009ರ ವೀಸಾ ಸಂಹಿತೆಯ 32ನೇ ವಿಧಿ ಈ ಸಂಶಯದ ಅಧಿಕಾರವನ್ನು ತಮಗೆ ಕೊಟ್ಟಿದೆ. ಸಂಶಯ ಯಾವ ಕಾಗದ ನೋಡಿದಾಗ ಹುಟ್ಟಿತು ಎಂಬುದು ಆ ಚೌಕದಲ್ಲಿ ಹಿಡಿಸುವುದಿಲ್ಲ. ಮೇಲ್ಮನವಿಗೆ ಅವಕಾಶವಿದೆ ಎಂದೂ ಅದೇ ಕಾಗದದಲ್ಲಿದೆ. ಹತ್ತು ದಿನದ ಪ್ರವಾಸಕ್ಕಾಗಿ ಪರದೇಶದ ಕೋರ್ಟಿನ ಮೆಟ್ಟಿಲು ಹತ್ತುವ ತೀರ್ಥಹಳ್ಳಿಯವರು ಎಷ್ಟು ಜನ ಸಿಕ್ಕಾರು ಎಂಬುದು ತಮಗೂ ಗೊತ್ತು. 2024ರಲ್ಲಿ ಭಾರತದಿಂದ ತಮಗೆ ಬಂದ ಅರ್ಜಿಗಳು 11 ಲಕ್ಷಕ್ಕೂ ಹೆಚ್ಚು, ತಿರಸ್ಕೃತವಾದವು ಸುಮಾರು 1.65 ಲಕ್ಷ. ಶುಲ್ಕ ಆ ವರ್ಷದ ಜೂನ್ 11ರವರೆಗೆ 80 ಯೂರೋ ಇತ್ತು, ಅಂದಿನಿಂದ 90. ಮಕ್ಕಳ ರಿಯಾಯಿತಿ ಕಳೆದು ಲೆಕ್ಕ ಹಾಕಿದರೂ, ಬೇಡ ಎಂದು ಹೇಳಿದ್ದಕ್ಕಾಗಿಯೇ ತಾವು ನಮ್ಮಿಂದ ಪಡೆದದ್ದು ಕೋಟಿ ಯೂರೋಗೆ ಕಡಿಮೆಯಾಗದು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಕೇಸರಿಬಾತು ಮುಗಿಸಿ, ಊರಿಗೆ ಹೋಗಿ ಕಾಗದ ಬರೆಯುತ್ತೇವೆ ಎಂದು ಎದ್ದುಹೋಗುವುದು ನಮ್ಮಲ್ಲೂ ಉಂಟು. ಆದರೆ ನೋಡಿದ್ದಕ್ಕೆ ತಲೆಗಿಷ್ಟು ಎಂದು ಹೆಣ್ಣಿನ ಅಪ್ಪನ ಕೈಯಿಂದ ವಸೂಲು ಮಾಡುವ ಧೈರ್ಯ ಇದುವರೆಗೆ ಯಾವ ಗಂಡಿನ ಕಡೆಯವರಿಗೂ ಬಂದಿಲ್ಲ.

ದುಡ್ಡಿನ ಮಾತು ಅಲ್ಲಿಗೆ ಬಿಡೋಣ. ಸಂಶಯಪಡುವುದಕ್ಕೂ ನಮ್ಮ ತಕರಾರಿಲ್ಲ. ಮನೆ ಬಾಗಿಲು ತೆರೆಯುವ ಮುನ್ನ ಯಾರೆಂದು ಕೇಳುವುದು ಯಜಮಾನನ ಹಕ್ಕು. 35 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ಎತ್ತರದ ಫೋಟೋದಲ್ಲಿ ನಗಬೇಡಿ ಎಂದರೆ ನಗುವುದಿಲ್ಲ. ಹತ್ತೂ ಬೆರಳಿನ ಗುರುತು ಬೇಕೆಂದರೆ ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಬಂದು ಒತ್ತಿ ಹೋಗುತ್ತೇವೆ. 30,000 ಯೂರೋ ವಿಮೆಯೂ ನ್ಯಾಯವೇ, ನಿಮ್ಮಲ್ಲಿ ಕಾಲು ಮುರಿದುಕೊಂಡರೆ ಆಸ್ಪತ್ರೆ ಬಿಲ್ಲು ಕಟ್ಟುವವರು ಬೇಕಲ್ಲ. ತಕರಾರು ಇರುವುದು ಆಮೇಲಿನ ಕಟ್ಟಿಗೆ: ತಿಂಗಳುಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ಆದಾಯ ತೆರಿಗೆ ರಿಟರ್ನ್ಸ್, ಕೆಲಸ ಕೊಟ್ಟವರಿಂದ ರಜೆ ಮಂಜೂರಾದ ಪತ್ರ. ಇವುಗಳಲ್ಲಿ ತಾವು ಹುಡುಕುವುದು ಅರ್ಜಿದಾರನನ್ನು ಊರಿಗೆ ಎಳೆದು ತರುವ ಹಗ್ಗವನ್ನು. ಹುಡುಕುವ ವಸ್ತು ಸರಿಯಾದದ್ದೇ. ಆದರೆ ಈ ಕಾಗದಗಳಲ್ಲಿ ಕಾಣುವ ಹಗ್ಗ ಒಂದೇ ಒಂದು, ತಿಂಗಳ ಸಂಬಳ. ಮರಳುವ ಮನಸ್ಸನ್ನು ಅಳೆಯಲು ಹೊರಟ ತಾವು ಮಾಸಿಕ ವೇತನವನ್ನು ಅಳೆದು ಬರುತ್ತಿದ್ದೀರಿ. ಇದರಿಂದಾಗಿ ನಮ್ಮ ನಾಡಿನಲ್ಲಿ ಯಾರು ಹೆಚ್ಚು ಕಟ್ಟಿಬಿದ್ದಿದ್ದಾರೋ ಅವರೇ ತಮ್ಮ ಕಣ್ಣಿಗೆ ಹೆಚ್ಚು ಅನುಮಾನಾಸ್ಪದರಾಗುತ್ತಾರೆ ಎಂಬುದು ಈ ಪತ್ರದ ಅಹವಾಲು.

ಸಾಗರ, ಶಿರಸಿ, ತೀರ್ಥಹಳ್ಳಿ ಕಡೆಯ ನಾಲ್ಕೆಕರೆ ಅಡಿಕೆ ತೋಟದ ಒಬ್ಬ ಬೆಳೆಗಾರನನ್ನು ತಮ್ಮ ಪಟ್ಟಿಯ ಮುಂದೆ ನಿಲ್ಲಿಸಿ ನೋಡಿ. ಕೆಲಸ ಕೊಟ್ಟವರ ಹೆಸರು, ವಿಳಾಸ ಎಂದು ಅರ್ಜಿ ಕೇಳುತ್ತದೆ. ಅವನಿಗೆ ಕೆಲಸ ಕೊಟ್ಟಿರುವುದು ತೋಟ. ಅದು ಲೆಟರ್‌ಹೆಡ್ಡಿನ ಮೇಲೆ ರಜೆ ಪತ್ರ ಬರೆದುಕೊಡುವುದಿಲ್ಲ. ಸ್ವಂತ ಉದ್ಯೋಗ ಎಂದು ಬರೆದರೆ ನೋಂದಣಿ ಪತ್ರ ಎಲ್ಲಿ, ಜಿಎಸ್‌ಟಿ ಸಂಖ್ಯೆ ಎಲ್ಲಿ ಎಂಬ ಪ್ರಶ್ನೆ ಏಳುತ್ತದೆ. ಭಾರತದಲ್ಲಿ ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಆದ್ದರಿಂದ ಬೇರೆ ವರಮಾನವಿಲ್ಲದ ರೈತ ರಿಟರ್ನ್ಸ್ ಸಲ್ಲಿಸಿರುವುದಿಲ್ಲ; ನಮ್ಮ ಸರ್ಕಾರ ಕೊಟ್ಟ ವಿನಾಯಿತಿ ತಮ್ಮ ಮೇಜಿನ ಮೇಲೆ ಕೊರತೆಯಾಗಿ ಬೀಳುತ್ತದೆ. ಇನ್ನು ಬ್ಯಾಂಕ್ ಸ್ಟೇಟ್‌ಮೆಂಟ್. ತೋಟದವರ ಖಾತೆಗೆ ಒಂದನೇ ತಾರೀಕಿಗೆ ದುಡ್ಡು ಬೀಳುವುದಿಲ್ಲ. ಕೊನೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿದ ಅಡಿಕೆ ಸೊಸೈಟಿಗೆ ಹೋಗುತ್ತದೆ. ದರ ಏರಲೆಂದು ಕಾದು, ಏರಿದಾಗ ಮಾರುತ್ತಾರೆ. ತಿಂಗಳುಗಟ್ಟಲೆ ಖಾತೆಯಲ್ಲಿ ಔಷಧಿ ಅಂಗಡಿಗೆ, ಕೊನೆಗಾರರಿಗೆ, ಗೊಬ್ಬರಕ್ಕೆ ಕೊಟ್ಟ ಖರ್ಚು ಮಾತ್ರ. ಆಮೇಲೆ ಒಂದು ದಿನ ಲಕ್ಷಗಟ್ಟಲೆ ಜಮಾ. ಪ್ರವಾಸದ ಯೋಚನೆ ಬರುವುದೂ ಸಹಜವಾಗಿ ಆ ಜಮಾ ಆದ ಮೇಲೆಯೇ. ಆದರೆ ಅರ್ಜಿಗೆ ಮುನ್ನ ಖಾತೆಗೆ ದಿಢೀರನೆ ಬಂದ ದೊಡ್ಡ ಮೊತ್ತ ಅನುಮಾನಕ್ಕೆ ಎಡೆ ಎಂದು ವೀಸಾ ಏಜೆಂಟರೆಲ್ಲ ಮೊದಲೇ ಎಚ್ಚರಿಸುತ್ತಾರೆ. ಅಂದರೆ ಬೆಳೆ ಬಂದದ್ದೇ ಅಪರಾಧ.

ಈಗ ಅದೇ ಬೆಳೆಗಾರನಿಗಿರುವ ನಿಜವಾದ ಹಗ್ಗವನ್ನು ನೋಡಿ. ಅಡಿಕೆ ಸಸಿ ನೆಟ್ಟರೆ ಫಸಲಿಗೆ ಐದರಿಂದ ಏಳು ವರ್ಷ ಕಾಯಬೇಕು. ಅಷ್ಟು ಕಾದವನು ಮಿಲಾನಿನ ಹೋಟೆಲಿನಲ್ಲಿ ತಟ್ಟೆ ತೊಳೆಯಲು ತೋಟ ಬಿಟ್ಟು ನಿಲ್ಲುತ್ತಾನೆಯೇ? ಮಳೆಗಾಲದಲ್ಲಿ ಕೊಳೆರೋಗ ಬಂದರೆ ಹಸಿರು ಕಾಯಿ ರಾಶಿರಾಶಿ ಉದುರುತ್ತದೆ. ಅದನ್ನು ತಡೆಯಲು ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಮುಂಗಾರಿಗೆ ಮೊದಲು ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ಹೊಡೆಯಬೇಕು. ಮಳೆ ಬಿಡುವು ಕೊಟ್ಟ ದಿನ ಆಳು ಸಿಗಬೇಕು, ಆಳು ಸಿಕ್ಕ ದಿನ ಯಜಮಾನ ತೋಟದಲ್ಲಿರಬೇಕು. ತಮ್ಮಲ್ಲಿ ಪ್ರವಾಸಕ್ಕೆ ಪ್ರಶಸ್ತವಾದ ಜೂನ್, ಜುಲೈ ತಿಂಗಳಲ್ಲಿ ಇವನು ಹೊರಟರೆ ಎರಡು ಸಿಂಪರಣೆಗಳ ನಡುವೆ ಹೋಗಿ ಬರಬೇಕು, ಒಂದು ವಾರ ತಡವಾದರೆ ವರ್ಷದ ಬೆಳೆಯೇ ಹೋದೀತು. 180 ದಿನಗಳಲ್ಲಿ 90 ದಿನ ಇರಬಹುದು ಎಂಬ ತಮ್ಮ ಔದಾರ್ಯ ಅವನಿಗೆ ಬೇಕಾಗಿಯೇ ಇಲ್ಲ. ಇನ್ನೊಂದು ಮಾತು. ಈ ದ್ರಾವಣ ಹುಟ್ಟಿದ್ದು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ, ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಮೇಲೆ ಕೆಲಸ ಮಾಡಿದ ಮೇಲೆ ಅದು ಮಲೆನಾಡಿನ ಮರಗಳ ನೆತ್ತಿಗೇರಿತು. ನೂರು ವರ್ಷದಿಂದ ಬೋರ್ಡೋ ಹೊಡೆಯುತ್ತಿರುವ ಮನೆತನದವನೊಬ್ಬ ಬೋರ್ಡೋ ಊರು ನೋಡುತ್ತೇನೆಂದರೆ, ಪ್ರವಾಸದ ಉದ್ದೇಶ ಸ್ಪಷ್ಟವಾಗಿಲ್ಲ ಎನ್ನುವಂತಿಲ್ಲ.

ಅವನ ಪಕ್ಕದಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ತರುಣನನ್ನು ನಿಲ್ಲಿಸಿ. ಬಾಡಿಗೆ ಮನೆ, ಕಂತಿನ ಕಾರು, ಮೂರು ವರ್ಷದಲ್ಲಿ ಎರಡು ಮೂರು ಕಂಪನಿ. ಅವನನ್ನು ಊರಿಗೆ ಕಟ್ಟಿರುವುದು ನೋಟಿಸ್ ಪೀರಿಯಡ್ ಮಾತ್ರ, ಅದನ್ನೂ ಹೊಸ ಕಂಪನಿ ಕೊಂಡುಕೊಳ್ಳುತ್ತದೆ. ಅವನ ಕೈಯಲ್ಲಿರುವ ವಿದ್ಯೆ ಬರ್ಲಿನ್ನಿನಲ್ಲಿ ಇಳಿದ ಮರುದಿನವೇ ಮಾರಾಟವಾಗುವಂಥದ್ದು. ಆದರೆ ಕಾಗದದಲ್ಲಿ ಅವನಷ್ಟು ಗಟ್ಟಿಯಾಗಿ ನೆಲಕ್ಕೆ ಅಂಟಿದವರು ಇನ್ನಿಲ್ಲ: ಸಂಬಳದ ಚೀಟಿ, ಫಾರ್ಮ್ 16, ಎಚ್ಆರ್ ಪತ್ರ, ಎಲ್ಲವೂ ಒಂದೇ ಪಿಡಿಎಫ್‌ನಲ್ಲಿ. ಅವನಿಗೆ ವೀಸಾ ಕೊಡಬೇಡಿ ಎನ್ನುತ್ತಿಲ್ಲ, ಧಾರಾಳವಾಗಿ ಕೊಡಿ. ತಮಾಷೆಯೆಂದರೆ, ನುರಿತ ಭಾರತೀಯ ಕೆಲಸಗಾರರಿಗೆ ಕೊಡುವ ವೀಸಾವನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುತ್ತೇವೆಂದು 2024ರಲ್ಲಿ ಜರ್ಮನಿ ಸಾರಿತು. ಬಂದು ಇಲ್ಲೇ ಇರಿ ಎಂದು ತಾವು ಯಾರನ್ನು ಕರೆಯುತ್ತಿದ್ದೀರೋ ಅವರೇ ಮರಳಿ ಹೋಗುವವರೆಂದು ತಮಗೆ ಪೂರ್ತಿ ನಂಬಿಕೆ. ಇರಿ ಎಂದರೂ ಇರಲಾಗದವನ ಮೇಲೆ ಸಕಾರಣವಾದ ಸಂಶಯ. ಎರಡು ಹಸು ಕಟ್ಟಿ ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುವ ಗೃಹಿಣಿಯ ಗತಿ ಇನ್ನೂ ಕಷ್ಟ. ಉದ್ಯೋಗದ ಜಾಗದಲ್ಲಿ ಗೃಹಿಣಿ ಎಂದು ಬರೆದ ಕೂಡಲೇ ಗಂಡನ ಕಾಗದಗಳನ್ನು ತರಿಸುತ್ತೀರಿ. ಹತ್ತು ದಿನಕ್ಕೆ ಆ ಹಸುಗಳನ್ನು ನೋಡಿಕೊಳ್ಳುವವರು ಸಿಗುವುದು ವೀಸಾ ಸಿಗುವುದಕ್ಕಿಂತ ಕಷ್ಟ ಎಂಬುದು ಯಾವ ಕಾಲಮ್ಮಿಗೂ ಬರುವುದಿಲ್ಲ.

ಆಸ್ತಿ ದಾಖಲೆ ಲಗತ್ತಿಸಬಹುದೆಂದು ನಮ್ಮ ಪಟ್ಟಿಯಲ್ಲೂ ಇದೆಯಲ್ಲ ಎಂದು ತಾವು ಹೇಳಬಹುದು. ಎಷ್ಟೋ ಪಟ್ಟಿಗಳಲ್ಲಿ ಇದೆ, ಇದ್ದರೆ ಕೊಡಿ ಎಂಬ ದನಿಯಲ್ಲಿ, ಕೊನೆಯ ಸಾಲಿನಲ್ಲಿ. ಸುಳ್ಳು ದಾಖಲೆ ಸೃಷ್ಟಿಸುವವರು ನಿಮ್ಮಲ್ಲಿ ಕಡಿಮೆಯೇ ಎಂದೂ ಕೇಳಬಹುದು. ಕಡಿಮೆ ಇಲ್ಲ, ಒಪ್ಪಿಕೊಳ್ಳುತ್ತೇವೆ. ಆದರೆ ಸುಳ್ಳು ಮಾಡಲು ಎಲ್ಲಕ್ಕಿಂತ ಸುಲಭವಾದದ್ದು ತಾವು ಎಲ್ಲಕ್ಕಿಂತ ಹೆಚ್ಚು ನಂಬುವ ಸಂಬಳದ ಚೀಟಿಯೇ. ಒಂದು ಕಂಪ್ಯೂಟರ್, ಒಂದು ಲೋಗೋ ಸಾಕು. ಪಹಣಿ ಹಾಗಲ್ಲ. ಕರ್ನಾಟಕ ತನ್ನ ಭೂ ದಾಖಲೆಗಳನ್ನು ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಏರಿಸಿ ಇಪ್ಪತ್ತು ವರ್ಷ ಮೀರಿತು. ಸರ್ವೆ ನಂಬರ್ ಕೊಟ್ಟರೆ ಯಾರ ಹೆಸರಿನಲ್ಲಿ ಎಷ್ಟು ಜಮೀನು, ಯಾವ ಬೆಳೆ, ಯಾವ ಸಾಲ ಎಂಬುದನ್ನು ತಾವು ಬ್ರಸೆಲ್ಸಿನಲ್ಲಿ ಕುಳಿತೇ ನೋಡಬಹುದು. ಅಷ್ಟಕ್ಕೂ ಸುಳ್ಳಿನ ಮೊದಲ ಪಾಠ ಹೇಳಿಕೊಡುತ್ತಿರುವವರು ಯಾರು? ವೀಸಾ ಸಿಗುವ ಮುನ್ನ ಟಿಕೆಟ್ಟಿಗೆ ದುಡ್ಡು ಸುರಿಯಬೇಡಿ ಎಂದು ದೂತಾವಾಸಗಳೇ ಬುದ್ಧಿ ಹೇಳುತ್ತವೆ, ಹೋಗಿ ಬರುವ ಟಿಕೆಟ್ ಕಾದಿರಿಸಿದ ಪುರಾವೆಯನ್ನೂ ಕೇಳುತ್ತವೆ. ಈ ಎರಡು ಮಾತಿನ ಸಂದಿಯಲ್ಲಿ ಡಮ್ಮಿ ಟಿಕೆಟ್ ಎಂಬ ಒಂದು ವ್ಯಾಪಾರವೇ ಬೆಳೆದಿದೆ. ಕೆಲವು ನೂರು ರೂಪಾಯಿಗೆ ಯಾರೂ ಹತ್ತದ ವಿಮಾನದಲ್ಲಿ ಸೀಟು. ವೀಸಾ ಬಂದ ಮರುಗಳಿಗೆ ರದ್ದಾಗಲೆಂದೇ ಕಾದಿರಿಸಿದ ಹೋಟೆಲು. ಹೀಗೆ ಆಡಿಸಿದ ನಾಟಕದ ಕೊನೆಯಲ್ಲಿ ಅರ್ಜಿದಾರನ ಪ್ರಾಮಾಣಿಕತೆಯನ್ನು ತೂಗಲು ಕೂರುತ್ತೀರಿ.

ಭಾರತವೇನು ಬಾಗಿಲು ತೆರೆದಿಟ್ಟಿದೆಯೇ ಎಂಬ ಆಕ್ಷೇಪಕ್ಕೆ ಅರ್ಧ ಬಲವಿದೆ. ನಮ್ಮ ಇ-ವೀಸಾ ಅರ್ಜಿ, ಅಜ್ಜ ಅಜ್ಜಿಯರಲ್ಲಿ ಯಾರಾದರೂ ಪಾಕಿಸ್ತಾನದವರಾಗಿದ್ದರೇ ಎಂದು ಪೋಲೆಂಡಿನ ತೋಟಗಾರನನ್ನೂ ಕೇಳುತ್ತದೆ. ಅದನ್ನು ಸಮರ್ಥಿಸಿಕೊಳ್ಳಲು ಈ ಪತ್ರ ಹೊರಟಿಲ್ಲ. ಆದರೂ 2014ರ ನವೆಂಬರಿನಿಂದ ತಮ್ಮವರು ಮನೆಯಲ್ಲೇ ಕುಳಿತು ಪಾಸ್‌ಪೋರ್ಟಿನ ಪುಟ, ಫೋಟೋ ಏರಿಸಿ ಹಂಪಿಗೆ ಬರುತ್ತಿದ್ದಾರೆ, ಹಿಂದಿರುಗಿ ಹೋಗುತ್ತೀರಾ ಎಂದು ಸಂಬಳದ ಚೀಟಿ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಇತಿಹಾಸ ನೋಡಿದರೆ ಕೇಳಬೇಕಿತ್ತು. 1623ರಲ್ಲಿ ಕೆಳದಿಯ ವೆಂಕಟಪ್ಪ ನಾಯಕನ ಇಕ್ಕೇರಿಗೆ ರೋಮಿನ ಪಿಯೆತ್ರೊ ದೆಲ್ಲಾ ವಾಲೆ ಬಂದ. ಉದ್ಯೋಗವಿಲ್ಲ. ಪ್ರೇಮದಲ್ಲಿ ಸೋತು ದೇಶಾಂತರ ಹೊರಟವನು. ಪರ್ಷಿಯಾದಲ್ಲಿ ತೀರಿಕೊಂಡ ಹೆಂಡತಿಯ ದೇಹವನ್ನು ಪೆಟ್ಟಿಗೆಯಲ್ಲಿ ಕಾಪಾಡಿಕೊಂಡು ತಿರುಗುತ್ತಿದ್ದವನು. ಪ್ರವಾಸದ ಉದ್ದೇಶ, ಕುತೂಹಲ. ತಮ್ಮ ನಮೂನೆಯಲ್ಲಿ ಅವನಿಗೆ ಎಷ್ಟು ಚೌಕಗಳಿಗೆ ಗುರುತು ಬೀಳುತ್ತಿತ್ತೋ! ಅವನು 1626ರಲ್ಲಿ ರೋಮಿಗೆ ಮರಳಿ, ಹೆಂಡತಿಯನ್ನು ಅಲ್ಲಿ ಮಣ್ಣು ಮಾಡಿದ. ಅವನು ಬರುವ ಮೊದಲೇ, ದೊರೆಯ ಆಜ್ಞೆ, ಮೊಹರು, ಹಡಗು, ಕೈತುಂಬ ಸಂಬಳ ಎಲ್ಲ ಕ್ರಮಬದ್ಧವಾಗಿದ್ದ ಪೋರ್ಚುಗೀಸರು 1510ರಲ್ಲಿ ಗೋವೆಗೆ ಬಂದಿದ್ದರು. ಅವರು ಹೊರಟದ್ದು 1961ರ ಡಿಸೆಂಬರಿನಲ್ಲಿ, ಅದೂ ಸೈನ್ಯ ಕಳಿಸಿದ ಮೇಲೆ. ಹಳೆಯ ಕತೆ ಎಂದು ತಳ್ಳಿಹಾಕಿ, ಬೇಸರವಿಲ್ಲ. ಆದರೆ ಅವಧಿ ಮೀರಿ ಉಳಿಯುವುದಕ್ಕೂ ಕಾಗದಪತ್ರ ಸರಿಯಾಗಿರುವುದಕ್ಕೂ ಏನು ಸಂಬಂಧ ಎಂಬ ಪ್ರಶ್ನೆಗೆ ಇದಕ್ಕಿಂತ ದೊಡ್ಡ ಪುರಾವೆ ನಮ್ಮ ಕರಾವಳಿಯಲ್ಲಿ ಇಲ್ಲ.

ಕೊನೆಯ ಆಕ್ಷೇಪವೇ ಗಟ್ಟಿಯಾದದ್ದು: ಮನಸ್ಸಿನೊಳಗೆ ಇಣುಕುವ ಯಂತ್ರ ಯಾರ ಬಳಿಯೂ ಇಲ್ಲ, ಸಿಕ್ಕ ಕಾಗದದಿಂದ ಅಂದಾಜು ಮಾಡದೆ ಗತಿಯೇನು? ಐರೋಪ್ಯ ಒಕ್ಕೂಟದ ನ್ಯಾಯಾಲಯವೂ 2013ರ ಡಿಸೆಂಬರಿನಲ್ಲಿ, ಅರ್ಜಿದಾರ ಮರಳುವುದು ಖಚಿತವಾಗಬೇಕಿಲ್ಲ, ಸಕಾರಣ ಸಂಶಯ ಇದೆಯೇ ಎಂದು ನೋಡಿದರೆ ಸಾಕು, ಆ ನಿರ್ಧಾರದಲ್ಲಿ ಅಧಿಕಾರಿಗೆ ವಿಶಾಲ ಸ್ವಾತಂತ್ರ್ಯವಿದೆ ಎಂದಿತು. ಸರಿ. ಆದರೆ ಅಂದಾಜು ಮಾಡುವವನು ತನ್ನ ಅಂದಾಜು ಎಷ್ಟು ಸಲ ತಪ್ಪಿತು ಎಂದು ಲೆಕ್ಕ ಇಡಬೇಡವೇ? ಮೊನ್ನೆ ಮೊನ್ನೆಯವರೆಗೆ ಯಾರು ಬಂದರು, ಯಾರು ಹೋದರು ಎಂಬುದನ್ನು ಪಾಸ್‌ಪೋರ್ಟಿನ ಮುದ್ರೆ ಎಣಿಸಿ ತಿಳಿಯುತ್ತಿದ್ದಿರಿ. 2025ರ ಅಕ್ಟೋಬರ್ 12ರಿಂದ ಗಡಿಗಳಲ್ಲಿ ಬರುವವರನ್ನೂ ಹೋಗುವವರನ್ನೂ ಕಂಪ್ಯೂಟರಿನಲ್ಲಿ ದಾಖಲಿಸುವ ವ್ಯವಸ್ಥೆ ಶುರುವಾಗಿದೆ. ಒಳ್ಳೆಯದಾಯಿತು. ನಡತೆ ನೋಡಿ ನಂಬುವುದು ತಮಗೆ ಗೊತ್ತಿಲ್ಲವೆಂದೂ ಅಲ್ಲ: ಮೂರು ವರ್ಷದಲ್ಲಿ ಎರಡು ವೀಸಾ ಪಡೆದು ನಿಯಮದಂತೆ ಬಳಸಿದ ಭಾರತೀಯರಿಗೆ ಎರಡು ವರ್ಷದ ವೀಸಾ, ಆಮೇಲೆ ಐದು ವರ್ಷದ್ದು ಕೊಡುವ ಕ್ರಮವನ್ನು 2024ರ ಏಪ್ರಿಲ್‌ನಲ್ಲಿ ತಂದಿರಿ. ಅದು ಮೊದಲ ಸಲ ಒಳಗೆ ಬಿಟ್ಟವರಿಗೆ ಮಾತ್ರ. ಬಾಗಿಲಲ್ಲೇ ನಿಂತವನು ಒಳಗೆ ಹೇಗೆ ನಡೆದುಕೊಂಡಾನು ಎಂದು ತೋರಿಸುವುದು ಹೇಗೆ? ಹೊಸ ವ್ಯವಸ್ಥೆಯ ಮೊದಲ ವರ್ಷದ ಲೆಕ್ಕ ಕೈಗೆ ಬಂದಾಗ ಅದನ್ನು ಉದ್ಯೋಗವಾರು ಬಿಡಿಸಿ ಪ್ರಕಟಿಸಿ ಎಂಬುದು ನಮ್ಮ ಬೇಡಿಕೆ. ಅವಧಿ ಮೀರಿ ಉಳಿದವರಲ್ಲಿ ಸಂಬಳದ ಚೀಟಿ ತೋರಿಸಿದವರೆಷ್ಟು, ಪಹಣಿ ತೋರಿಸಿದವರೆಷ್ಟು ಎಂದು ಹೊರಬರಲಿ. ಅಡಿಕೆ ಬೆಳೆಗಾರರು ರೋಮಿನ ಬೀದಿಯಲ್ಲಿ ತಲೆಮರೆಸಿಕೊಂಡಿರುವುದು ಸಾಬೀತಾದರೆ ಈ ಪತ್ರ ಹಿಂದಕ್ಕೆ ಪಡೆಯುತ್ತೇವೆ.

ಉತ್ತರ ಬರೆಯುವುದಾದರೆ ಅಕ್ಟೋಬರಿನಿಂದ ಫೆಬ್ರುವರಿವರೆಗೆ ಬೇಡ. ಆಗ ಕೊನೆ ಕೊಯ್ಲು. ತಾವು ವೀಸಾ ಕೊಟ್ಟರೂ ಬರಲು ಇಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ.

ಇಂತಿ,
ತಮ್ಮ ಸಂಶಯಕ್ಕೆ ಪಾತ್ರರಾದವರ ಪರವಾಗಿ