ಮೂರು ಹಾರ್ನಿನ ತೋಳ

ನಮ್ಮ ಕೊಣ್ಣೂರಿನಲ್ಲಿ ಕರಡಿಮಜಲಿನ ಮೇಳ ಮೂರು ಓಣಿ ಆಚೆ ಹೊರಟಿದ್ದರೂ ಕರಡಿ ಬಾರಿಸುವವನ ಕೈ ಎಲ್ಲಿ ತಪ್ಪಿತು, ಸನಾದಿ ಊದುವವನಿಗೆ ದಮ್ಮು ಎಷ್ಟು ಉಳಿದಿದೆ ಎಂದು ಮಲಗಿದಲ್ಲಿಂದಲೇ ಹೇಳುವ ಕಿವಿ ನನ್ನದು. ದೀಪಾವಳಿಗೆ ಬೆಂಗಳೂರಿನಿಂದ ಬಂದ ಅಣ್ಣನ ಮಗಳ ಮುಂದೆ ಇದನ್ನು ಕೊಚ್ಚಿಕೊಂಡೆ. ಅಲ್ಲಿಗೆ ಹಬ್ಬ ಮುಗಿಯಿತು.

‘ಹಂಗಾದ್ರ ಇವನ್ನ ಹೇಳ್ರಿ ಕಾಕಾ’ ಎಂದು ಮೊಬೈಲ್ ಹಚ್ಚಿದಳು. ‘ಪೀಟರ್ ಅಂಡ್ ದಿ ವುಲ್ಫ್’ ಅಂತೆ. ರಷ್ಯಾದ ಪ್ರೊಕೊಫೀವ್ 1936ರಲ್ಲಿ ರಚಿಸಿದ್ದು. ಆರ್ಕೆಸ್ಟ್ರಾದ ವಾದ್ಯಗಳ ಗುರುತು ಹತ್ತಲೆಂದು ಕಥೆಯ ಒಂದೊಂದು ಪಾತ್ರಕ್ಕೆ ಒಂದೊಂದು ದನಿ. ಸಣ್ಣ ಹುಡುಗರಿಗೆ ಮಾಡಿದ್ದು ಎಂದಾಗ ಧೈರ್ಯ ಬಂದು ಗೋಡೆಗೆ ಆತು ಕೂತೆ.

ಮೊದಲು ಹಕ್ಕಿ. ‘ಕೊಳಲು!’ ಎಂದೆ. ಸರಿ, ಒಂದು ಮಾರ್ಕು. ಅಷ್ಟಕ್ಕೇ ಬಿಡದೆ ‘ಬಿದಿರಿಂದು’ ಎಂದೂ ಸೇರಿಸಿದೆ. ಆರ್ಕೆಸ್ಟ್ರಾದ ಕೊಳಲು ಈಗ ಲೋಹದ್ದು. ಆದರೂ ಮರದ ವಾದ್ಯಗಳ ಮನೆತನದಲ್ಲೇ ಅದರ ಹೆಸರು ಉಳಿದಿದೆ. ಅರ್ಧ ಮಾರ್ಕು ಕಟ್.

ಬಾತುಕೋಳಿ ಬಂತು. ‘ಸನಾದಿ. ನೆಗಡಿ ಆಗೇತಿ.’

‘ಓಬೋ, ಕಾಕಾ.’

ಎರಡಕ್ಕೂ ಜೋಡಿ ಪೀಪಿಯೇ ಎಂಬುದನ್ನು ಆಕೆಯಿಂದಲೇ ಬಾಯಿ ಬಿಡಿಸಿದೆ. ‘ಮತ್ತ ಒಂದ ಬಳಗ ಆತಲ್ಲ? ಅಣ್ಣನ ಬದ್ಲಿ ತಮ್ಮನ ಹೆಸರು ಹೇಳೇನಿ, ಅರ್ಧಾರ ಕೊಡು’ ಎಂದು ಅಂಗಲಾಚಿದೆ. ಕೊಡಲಿಲ್ಲ. ಬೆಕ್ಕಿನ ಕ್ಲಾರಿನೆಟ್ಟಿಗೆ ‘ಮದುವಿ ಬ್ಯಾಂಡ್ ಕಂಪನಿ’ ಎಂದೆ. ‘ವಾದ್ಯ ಕೇಳೇನಿ, ಕಂಪನಿ ಅಲ್ಲ.’ ಗುಂಡಿನ ಸದ್ದಿಗೆ ‘ನಗಾರಿ’ ಎಂದೆ. ಅದು ಟಿಂಪನಿ. ಪಶ್ಚಿಮ ಏಷ್ಯಾದ ನಗಾರಿಯೇ ಯುರೋಪಿಗೆ ಹೋಗಿ ಹಾಗೆ ಹೆಸರು ಬದಲಿಸಿಕೊಂಡದ್ದಂತೆ. ಊರು ಬಿಟ್ಟವರು ಹೆಸರು ಬದಲಿಸಿದರೆ ಅದಕ್ಕೆ ನನಗೇಕೆ ಸೊನ್ನೆ?

ಆಮೇಲೆ ದಪ್ಪಗೆ, ಅಡ್ಡಾದಿಡ್ಡಿ ಒಂದು ದನಿ. ನಾನು ಹಣೆ ತಿಕ್ಕಿಕೊಳ್ಳುತ್ತಿದ್ದಾಗ ಒಳಗಿಂದ ಹೆಂಡತಿ ಕೇಳಿದಳು: ‘ಏನ್ರಿ, ಮತ್ಯಾಕ ಗೊಣಗಾಕತ್ತೀರಿ?’

ಹುಡುಗಿ ಹಾಸಿಗೆ ಮೇಲೆ ಉರುಳಾಡಿ ನಕ್ಕಳು. ಅದು ಬಸೂನ್. ಕಥೆಯಲ್ಲಿ ಗೊಣಗುವ ಅಜ್ಜನ ಪಾತ್ರಕ್ಕೆ ಇಟ್ಟದ್ದು. ಆ ವಾದ್ಯದ ಹೆಸರನ್ನೇ ಕೇಳಿರದ ಕಾಕೂಗೆ ಪೂರ್ತಿ ಮಾರ್ಕು.

‘ತೋಳ ಒಂದ ಉಳಿದೇತಿ, ಕಾಕಾ.’

ಕಣ್ಣು ಮುಚ್ಚಿ, ಮೈಯೆಲ್ಲ ಕಿವಿಯಾಗಿ ಕೂತೆ. ದೂರದಿಂದ ಉದ್ದಕ್ಕೆ, ಗಂಭೀರವಾಗಿ ಬಂತು. ‘ಹಾರ್ನ್!’ ಎಂದು ತೊಡೆ ತಟ್ಟಿ ಕೂಗಿದೆ.

ಕಣ್ಣು ತೆರೆದರೆ ಆಕೆ ಇನ್ನೂ ಮೊಬೈಲಿನಲ್ಲಿ ತೋಳವನ್ನು ಹುಡುಕುತ್ತಿದ್ದಳು. ಗೋಕಾಕ ರೋಡ್ ಸ್ಟೇಷನ್ ಕಡೆಯಿಂದ ಮಿರಜಿನ ಗಾಡಿ ಮತ್ತೊಮ್ಮೆ ಕೂಗಿತು.

ಕಡೆಗೆ ತೋಳವೂ ಬಂತು. ಹಾರ್ನೇ! ಮಾರ್ಕಿಗೆ ಕೈ ಚಾಚಿದೆ.

‘ತೋಳಕ್ಕ ಮೂರು ಹಾರ್ನ್ ಇರ್ತಾವ, ಕಾಕಾ. ರೈಲಿಗೆ ಇದ್ದದ್ದು ಒಂದ’ ಎಂದು ಮೂರರಲ್ಲಿ ಒಂದು ಪಾಲು ಬರೆದುಕೊಂಡಳು.