ಹಳ್ಳ ಹಿಡಿದ ಮಾತು

ಬೆಂಗಳೂರಿನಲ್ಲಿ ಯೋಜನೆಯೊಂದು ಹಳ್ಳ ಹಿಡಿಯಿತು ಅಂದರೆ ಅದು ನುಡಿಗಟ್ಟು. ಹುಬ್ಬಳ್ಳಿ-ಗದಗ ರಸ್ತೆಯ ಶಿರಗುಪ್ಪಿ ಸೀಮೆಯಲ್ಲಿ ಹೆಸರು ಹಳ್ಳ ಹಿಡಿಯಿತು ಅಂದರೆ ಬರೇ ಸುದ್ದಿ. ಬೆಳಗಾಗೆದ್ದು ನೋಡಿದರೆ, ಇನ್ನೇನು ಕಾಯಿ ಬಿಡಿಸಬೇಕಿದ್ದ ಬೆಳೆ ಬೆಣ್ಣಿಹಳ್ಳದ ಸಂಗಡ ಮಲಪ್ರಭೆಯ ದಾರಿ ಹಿಡಿದಿರುತ್ತದೆ. "ಹೆಸರು ಹೋತೋ ಯಪ್ಪಾ" ಎಂದು ರೈತ ಗೋಳಿಟ್ಟರೆ ಪರಊರಿನವರು ಮಾನದ ಮಾತಿರಬೇಕು ಅಂದುಕೊಂಡಾರು. ಸಾಲ ಕೊಟ್ಟವನು ಬಾಗಿಲಿಗೆ ಬಂದ ದಿನ ಅದೂ ಹೋಗುತ್ತದೆ, ಬಿಡಿ.

ಹಳ್ಳದ ಹೆಸರಾದರೂ ಎಂಥದು! ಎರೆಮಣ್ಣು ಕದಡಿಕೊಂಡು ಬರುವ ಆ ನೀರಿಗೆ ಬೆಣ್ಣೆಯ ಮಾತಿರಲಿ, ಮಜ್ಜಿಗೆಯ ಬಣ್ಣವೂ ಇಲ್ಲ. ತುಪ್ಪಕ್ಕೆ ಮಾತ್ರ ಬರವಿಲ್ಲ. ಮೂಗಿಗೆ ಸವರುವವರು ನೆರೆ ಇಳಿದ ಮರುದಿನವೇ ಕಾರು ಹತ್ತಿ ಬರುತ್ತಾರೆ.

ಅಲಂಕಾರಶಾಸ್ತ್ರದಲ್ಲಿ ಲಕ್ಷಣೆಗೆ ಕೊಡುವ ಹಳೆಯ ಉದಾಹರಣೆ 'ಗಂಗೆಯಲ್ಲಿ ಹಳ್ಳಿ'. ಹೊಳೆಯೊಳಗೆ ಹಳ್ಳಿ ಇರಲಾರದು, ಆದ್ದರಿಂದ ದಂಡೆಯ ಮೇಲೆ ಎಂದು ತಿಳಿಯಬೇಕು. ಮುಖ್ಯಾರ್ಥಕ್ಕೆ ಬಾಧೆ ಬಂದಾಗಲೇ ಲಕ್ಷಣೆ ಎಂದು ಮಮ್ಮಟನ ಕಟ್ಟಳೆ. ಪಾಪ, ಆತ 2019ರ ಆಗಸ್ಟಿನ ನೆರೆಯಲ್ಲಿ ಬೆಣ್ಣಿಹಳ್ಳದ ಕಡೆ ಬಂದವನಲ್ಲ. ಇಲ್ಲಿ ಅರ್ಥ ಸುಖವಾಗಿತ್ತು, ಬಾಧೆಯೆಲ್ಲ ಊರುಗಳಿಗೆ.

ಸರಕಾರಿ ಕನ್ನಡದ್ದು ಇದರ ತಿರುವುಮುರುವು. 'ಪರಿಹಾರ' ಅಂದರೆ ನಿಘಂಟಿನಲ್ಲಿ ನಿವಾರಣೆ. 2022ರಲ್ಲಿ ಪರಿಷ್ಕರಿಸಿದ ಕೇಂದ್ರದ ಮಾನದಂಡದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ. ಅದೂ ಎರಡು ಹೆಕ್ಟೇರಿನ ತನಕ, ಅದೂ ಹಾನಿ ಶೇ 33 ಮುಟ್ಟಿದ್ದರೆ. ಎಕರೆಗೆ ಲೆಕ್ಕ ಹಾಕಿದರೆ ಮೂರೂವರೆ ಸಾವಿರವೂ ಆಗದು. ಶೇ 32 ಕಳಕೊಂಡವನ ಹಾನಿಯಂತೂ ಕವಿಸಮಯ: ಹೊಲದಲ್ಲಿ ಕಾಣುತ್ತದೆ, ಕಾಗದದಲ್ಲಿ ಇರುವುದಿಲ್ಲ. ಕಣ್ಣೊರೆಸುವುದು ಎಂದು ಇದಕ್ಕೆ ಸುಮ್ಮನೆ ಹೆಸರು. ಯಾರ ಕೈಯಲ್ಲೂ ಅರಿವೆಯ ತುಂಡು ಕಂಡಿಲ್ಲ.

ಪಂಚಾಯ್ತಿ ಕಟ್ಟೆಯ ಮೇಲೆ ನಡೆಯುವ ಮಾತು ಸಾಮಾನ್ಯ ಹೀಗಿರುತ್ತದೆ.

"ಅಜ್ಜಾರ, ಮ್ಯಾಲಿನವರ ಗಮನಕ್ಕ ತಂದೇವ್ರಿ."

"ಮ್ಯಾಲಿನಾಂವಗ ಗೊತ್ತಿಲ್ಲೇನ್ರಿ ಸಾಹೇಬ್ರ? ಸುರದಾಂವನ ಅವ!"

"ಹಂಗಲ್ರಿ, ಫೈಲು ಮೂವ್ ಆಗೇತಿ."

"ಹೌದ್ರಿ? ನಮ್ಮ ಕಣಕಿ ಬಣವೀನೂ ಮೂವ್ ಆಗೇತಿ, ನಿಮ್ಮ ಫೈಲಿಗಿಂತ ಜೋರ. ಈಗ ಯಾ ಊರಾಗ ಐತೋ."