ಮೇಷ್ಟ್ರ ಚೀಟಿ, ಮಿಂಚುಳ್ಳಿಯ ಲೆಕ್ಕ

ನಮ್ಮ ಮನೆಗೂ ಮೇಷ್ಟ್ರ ಮನೆಗೂ ನಡುವೆ ಎದೆಮಟ್ಟದ ಕಾಂಪೌಂಡು. ಅದರ ಮೇಲೆ ಅವರದೊಂದು, ನನ್ನದೊಂದು ಕಾಫಿ ಲೋಟ ಇಟ್ಟುಕೊಂಡು ನಿಂತೆವೆಂದರೆ ಬೆಳಗಿನ ಎಂಟು ಗಂಟೆಯವರೆಗೆ ಒಳಗಿನಿಂದ ಯಾರು ಕೂಗಿದರೂ ಕೇಳಿಸುವುದಿಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರಾದವರು. ಈಗ ದಿನಾ ಕುಕ್ಕರಹಳ್ಳಿ ಕೆರೆ ಸುತ್ತುತ್ತಾರೆ. ಸುತ್ತುತ್ತ ಸುತ್ತುತ್ತ ಹಕ್ಕಿ ನೋಡುವ ಗೀಳು ಹತ್ತಿದೆ. ಮೊನ್ನೆ ಭಾನುವಾರ ಲೋಟದ ಜೊತೆ ಒಂದು ಚೀಟಿಯನ್ನೂ ತಂದರು. ಮಗಳು ದುಡ್ಡು ಕಳಿಸಿದ್ದಾಳೆ, ಕ್ಯಾಮೆರಾ ತೆಗೆದುಕೋ ಅಂದಿದ್ದಾಳೆ.

"ಇದಿಷ್ಟು ಬರಕೊಂಡಿದೀನಿ, ಸರಿಯಾಗಿದೆಯಾ ನೋಡಪ್ಪ" ಅಂದರು.

ಮೊದಲ ಸಾಲಿನಲ್ಲಿ ನಿಕಾನ್ ಡಿ500, ಎರಡನೆಯದರಲ್ಲಿ ನಿಕಾನ್ 200-500 ಲೆನ್ಸು, ಮೂರನೆಯದರಲ್ಲಿ ಟ್ರೈಪಾಡು. ತಪ್ಪು ಹುಡುಕುವಂಥ ಪಟ್ಟಿಯಲ್ಲ. ಡಿ500 ಬಂದದ್ದು 2016ರಲ್ಲಿ. ಸೆಕೆಂಡಿಗೆ 10 ಚಿತ್ರ, ಫೋಕಸ್ ಹಿಡಿಯಲು 153 ಬಿಂದು. ಕಾಡು ಸುತ್ತುವವರು ಇವತ್ತಿಗೂ ಅದನ್ನು ಬಿಟ್ಟುಕೊಡಲು ಒಪ್ಪುವುದಿಲ್ಲ. ಆದರೆ ನಾನು ನೋಡಿದ್ದು ತೂಕ. ಬಾಡಿ 860 ಗ್ರಾಂ, ಲೆನ್ಸು 2 ಕಿಲೋ 300 ಗ್ರಾಂ. ಎರಡೂ ಸೇರಿದರೆ ಮೂರು ಕಿಲೋ ದಾಟಿತು, ಟ್ರೈಪಾಡು ಬೇರೆ.

"ಮೇಷ್ಟ್ರೇ, ಇದನ್ನ ಹೆಗಲಿಗೆ ಹಾಕ್ಕೊಂಡು ದಿನಾ ಕೆರೆ ಸುತ್ತೋಕೆ ಆಗುತ್ತಾ? ಮೊದಲನೇ ವಾರ ಆಗುತ್ತೆ. ಎರಡನೇ ವಾರ ಬೀರು ಸೇರುತ್ತೆ. ಅಂದೇ ಮಿಂಚುಳ್ಳಿ ಎದುರಿಗೇ ಬಂದು ಕೂರುತ್ತೆ."

ಇದು ನಾನು ನಂಬಿರುವ ಮಾತು. ಹಕ್ಕಿ ಫೋಟೋಗ್ರಫಿಯಲ್ಲಿ ಕ್ಯಾಮೆರಾ ಕ್ಲಿಕ್ಕಿಸುವುದು ಗಳಿಗೆಯ ಕೆಲಸ. ನಡೆಯುವುದು, ಕೂರುವುದು, ಕಾಯುವುದೇ ಉಳಿದದ್ದೆಲ್ಲ. ಅದಕ್ಕೆ ಅಡ್ಡಿಯಾಗದ ತೂಕ ಬೇಕು. ಕ್ಯಾನನ್ 200ಡಿ ಮಾರ್ಕ್ 2 ಬ್ಯಾಟರಿ, ಕಾರ್ಡು ಸೇರಿ 449 ಗ್ರಾಂ. ನಿಕಾನ್ ಡಿ5600 ಆದರೆ 465. ಅರ್ಧ ಕಿಲೋ ಸಕ್ಕರೆ ಪೊಟ್ಟಣಕ್ಕಿಂತ ಹಗುರ.

"ಅಷ್ಟು ಚಿಕ್ಕದು ಅಂದ್ರೆ ಏನೋ ಕಡಿಮೆ ಇರಲೇಬೇಕಲ್ಲ?" ಗಣಿತದವರು ಬಿಡುತ್ತಾರೆಯೇ.

ಇದೆ. ಕಣ್ಣಿಟ್ಟು ನೋಡುವ ಕಿಂಡಿಯೊಳಗೆ ದೊಡ್ಡ ಕ್ಯಾಮೆರಾಗಳಲ್ಲಿ ಗಾಜಿನ ಪಟ್ಟಕ ಇರುತ್ತದೆ. ಚಿಕ್ಕವುಗಳಲ್ಲಿ ಅದರ ಬದಲು ಪುಟ್ಟ ಕನ್ನಡಿಗಳ ಜೋಡಣೆ. ತೂಕ ಇಳಿಯುತ್ತದೆ, ಬಿಂಬ ಕೊಂಚ ಮಂಕಾಗುತ್ತದೆ. 200ಡಿಯ ಕಿಂಡಿಯಲ್ಲಿ ಫೋಕಸ್ ಬಿಂದು ಬರೀ ಒಂಬತ್ತು, ಡಿ5600ರಲ್ಲಿ 39. ಎರಡರಲ್ಲೂ ಸೆಕೆಂಡಿಗೆ ಐದೇ ಚಿತ್ರ. ಮಳೆ ಹನಿಗೂ ದೂಳಿಗೂ ತಡೆ ಇಲ್ಲ. ಆದರೆ ಚಿತ್ರ ಮೂಡುವ ಸೆನ್ಸರ್ ಇದೆಯಲ್ಲ, 24 ಮೆಗಾಪಿಕ್ಸೆಲ್‌ನದು, ಅದರಲ್ಲಿ ಕೊರತೆ ಇಲ್ಲ. ಕೊಂಬೆಯ ಮೇಲೆ ಕೂತ ಹಕ್ಕಿಗೆ ನಡುವಿನ ಒಂದೇ ಬಿಂದು ಸಾಕು, ಕಣ್ಣಿನ ಮೇಲೆ ಇಟ್ಟರಾಯಿತು. ಹಾರುವ ಹಕ್ಕಿಯಲ್ಲಿ ಕಷ್ಟಪಡಬೇಕು, ಅದು ನಿಜ.

ಇನ್ನೊಂದು ಮಾತು ಹೇಳಲೇಬೇಕಿತ್ತು. ಡಿ5600ರ ಒಳಗೆ ಫೋಕಸ್ ಮೋಟಾರಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ನಿಕಾನಿನ ಹಳೇ ಲೆನ್ಸು ತಂದರೆ ಕೈಯಲ್ಲೇ ತಿರುಗಿಸುತ್ತ ಕೂರಬೇಕು. ಹೆಸರಿನಲ್ಲಿ ಎಎಫ್-ಎಸ್ ಅಥವಾ ಎಎಫ್-ಪಿ ಅಂತ ಇದೆಯೇ ನೋಡಿಕೊಳ್ಳಬೇಕು. ಕ್ಯಾನನಿನಲ್ಲಿ ಈ ತಾಪತ್ರಯವಿಲ್ಲ. 1987ರಲ್ಲಿ ಇಎಫ್ ಲೆನ್ಸುಗಳು ಶುರುವಾದಾಗಿನಿಂದ ಮೋಟಾರು ಲೆನ್ಸಿನೊಳಗೇ ಇದೆ.

ಅಷ್ಟರಲ್ಲಿ ಮೇಷ್ಟ್ರು ಮುಖ್ಯ ಪ್ರಶ್ನೆಗೆ ಬಂದರು. "ಎಷ್ಟು ಉದ್ದದ ಲೆನ್ಸು ಬೇಕು? 300 ಸಾಕಾ, 600 ಬೇಕಾ?"

"ಲೆಕ್ಕ ನೀವೇ ಮಾಡಿ" ಅಂದೆ. ಹಕ್ಕಿಯ ಉದ್ದವನ್ನು ಲೆನ್ಸಿನ ಫೋಕಲ್ ಉದ್ದದಿಂದ ಗುಣಿಸಿ, ದೂರದಿಂದ ಭಾಗಿಸಿದರೆ ಸೆನ್ಸರಿನ ಮೇಲೆ ಬೀಳುವ ಬಿಂಬದ ಅಳತೆ ಸರಿಸುಮಾರು ಸಿಗುತ್ತದೆ. ಚೀಟಿ ಮಗುಚಿ ಬರೆದರು. ಸಣ್ಣ ಮಿಂಚುಳ್ಳಿ 16 ಸೆಂಟಿಮೀಟರ್, ದೂರ 10 ಮೀಟರ್, ಲೆನ್ಸು 300. ಉತ್ತರ 4.8 ಮಿಲಿಮೀಟರ್. ಕ್ಯಾನನ್ ಸೆನ್ಸರ್ 22.3 ಮಿಲಿಮೀಟರ್ ಅಗಲ. ಅಂದರೆ ಹಕ್ಕಿ ಚಿತ್ರದ ಅಗಲದಲ್ಲಿ ಐದನೇ ಒಂದು ಪಾಲು, ಸುಮಾರು 1300 ಪಿಕ್ಸೆಲ್. ಕತ್ತರಿಸಿ ಮಗಳ ಫೋನಿಗೆ ಕಳಿಸಲು ಧಾರಾಳ. 600 ಲೆನ್ಸು ಹಾಕಿದರೆ 9.6 ಮಿಲಿಮೀಟರ್.

ಮೇಷ್ಟ್ರ ಪೆನ್ನು ನಿಂತಿತು. ಮತ್ತೆ ಓಡಿತು. "ಅಲ್ಲಪ್ಪಾ, 300ನ್ನೇ ಇಟ್ಕೊಂಡು 5 ಮೀಟರಿಗೆ ಹೋದ್ರೂ 9.6 ಬರುತ್ತಲ್ಲ!"

ನನಗೆ ಅವರನ್ನು ತಬ್ಬಿಕೊಳ್ಳುವಷ್ಟು ಖುಷಿಯಾಯಿತು. ಸಾವಿರಾರು ರೂಪಾಯಿ ಸುರಿದು ಕೊಳ್ಳುವ ಆ ಇನ್ನೊಂದು 300 ಮಿಲಿಮೀಟರ್, ಐದು ಮೀಟರ್ ದೂರದಲ್ಲಿ ಅಲುಗದೆ ಕೂತವನಿಗೆ ಪುಕ್ಕಟೆ. ನಾವು ಹಕ್ಕಿಯ ಹತ್ತಿರ ಹೋಗಬೇಕೆಂದೂ ಇಲ್ಲ. ಅದು ದಿನಾ ಬಂದು ಕೂರುವ ಕೊಂಬೆ ಗೊತ್ತಿದ್ದರೆ ಮೊದಲೇ ಹೋಗಿ ಕೂತಿದ್ದರಾಯಿತು. ಗೂಡಿನ ಬಳಿ ಮಾತ್ರ ಈ ಲೆಕ್ಕ ಬೇಡ, ಅಲ್ಲಿ ಹತ್ತಿರ ಹೋದರೆ ಮೊಟ್ಟೆ ಬಿಟ್ಟು ಎದ್ದುಹೋಗುತ್ತವೆ.

ಜಾಗದ ಮೇಲೂ ಹೋಗುತ್ತದೆ ಈ ಮಾತು. ರಂಗನತಿಟ್ಟಿನಲ್ಲಿ ದೋಣಿಯವರು ಬಂಡೆಯ ಹತ್ತಿರಕ್ಕೇ ಕರೆದೊಯ್ಯುತ್ತಾರೆ; ಬಣ್ಣದ ಕೊಕ್ಕರೆಗೆ 250 ಆದರೂ ಒಮ್ಮೊಮ್ಮೆ ಹೆಚ್ಚಾಗಿ ರೆಕ್ಕೆ ಚೌಕಟ್ಟಿನಾಚೆ ಹೋಗುತ್ತದೆ. ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಊರೊಳಗಿನ ಮರದ ಮೇಲೇ. ದರೋಜಿಯ ಕರಡಿಗಳನ್ನು ವೀಕ್ಷಣಾ ಗೋಪುರದಿಂದ ಹಿಡಿಯಬೇಕೆಂದರೆ 600 ಇದ್ದರೂ ಸಾಲದು ಅನಿಸುತ್ತದೆ. ವರ್ಷಕ್ಕೊಂದು ಸಲದ ದರೋಜಿಗಾಗಿ ಉಳಿದ ದಿನವೆಲ್ಲ ಭಾರ ಹೊರುವುದು ನನಗೆ ಸರಿ ಕಾಣುವುದಿಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟು: 200ಡಿ ಬಾಡಿ, ಅದಕ್ಕೆ ಈಗ ಕ್ಯಾನನಿನ 55-250 ಎಸ್‌ಟಿಎಂ ಲೆನ್ಸು. ತೂಕ 375 ಗ್ರಾಂ. ಕೈ ಪಳಗಿದ ಮೇಲೆ 400 ಮಿಲಿಮೀಟರ್‌ನದೊಂದು. ಅದರಲ್ಲಿ ಎರಡು ದಾರಿ. ಕ್ಯಾನನಿನ 400 ಎಫ್5.6 ಇದೆ, 1993ರದ್ದು, 1250 ಗ್ರಾಂ. ಹಾರುವ ಹಕ್ಕಿಗೆ ಅದರಷ್ಟು ಚುರುಕಾದ ಹಗುರ ಲೆನ್ಸು ನಾನು ಕೈಯಲ್ಲಿ ಹಿಡಿದಿಲ್ಲ. ಆದರೆ ಕೈ ನಡುಕ ತಡೆಯುವ ವ್ಯವಸ್ಥೆ ಅದರಲ್ಲಿಲ್ಲ.

ಮೇಷ್ಟ್ರು ಕೈ ಚಾಚಿ ತೋರಿಸಿದರು. ಬೆರಳ ತುದಿಯಲ್ಲಿ ಸಣ್ಣ ಕಂಪನ. "ವಯಸ್ಸಪ್ಪಾ."

ಅವರಿಗೆ ಸಿಗ್ಮಾ 100-400 ಸರಿ. 1160 ಗ್ರಾಂ, ನಡುಕ ತಡೆಯುತ್ತದೆ. ಆದರೆ ಅದು ತಡೆಯುವುದು ನಮ್ಮ ಕೈಯ ಅಲುಗಾಟವನ್ನು, ಹಕ್ಕಿಯದನ್ನಲ್ಲ. ಒಂದು ಸಂಜೆ ರಂಗನತಿಟ್ಟಿನಲ್ಲಿ ಬೆಳಕು ಇಳಿಯುತ್ತಿದ್ದಾಗ ಲೆನ್ಸನ್ನು ನಂಬಿ ನಾನು ಶಟರನ್ನು 1/125ಕ್ಕೆ ಇಳಿಸಿದೆ. ಬಂಡೆ, ಎಲೆ, ಹಿಕ್ಕೆಯ ಬಿಳಿ ಗೆರೆ ಎಲ್ಲ ಕಡೆದಿಟ್ಟಂತೆ ಬಂದವು. ಮರಿಗೆ ಗುಟುಕು ಕೊಡುತ್ತಿದ್ದ ತಾಯಿಯ ತಲೆ ಮಾತ್ರ ಕಲಸಿಹೋಗಿತ್ತು. ಅವತ್ತಿನಿಂದ ಕೂತ ಹಕ್ಕಿಗೂ 1/500ಕ್ಕಿಂತ ಕೆಳಗಿಳಿಯುವುದಿಲ್ಲ, ಹಾರುವುದಕ್ಕೆ 1/2000. ಬೆಳಕು ಸಾಲದಿದ್ದರೆ ಐಎಸ್ಒ 1600, 3200ಕ್ಕೆ ಏರಿಸುತ್ತೇನೆ. ಚಿತ್ರ ಸ್ವಲ್ಪ ತರಿತರಿಯಾದರೂ ಇರುತ್ತದೆ, ಕಲಸಿಹೋದದ್ದು ಹೋದಂತೆಯೇ.

ಕಂಪನಿಗಳು ಈಗ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳ ಕಡೆ ಹೊರಳಿವೆ. ಹೀಗಾಗಿ ನಾನು ಇಲ್ಲಿ ಹೇಳಿದಂಥ ಡಿಎಸ್ಎಲ್ಆರ್ ಅಂದರೆ ಹೆಚ್ಚಾಗಿ ಸೆಕೆಂಡ್ ಹ್ಯಾಂಡ್. ನಮ್ಮಂಥವರಿಗೆ ಇದು ಒಳ್ಳೆಯ ಕಾಲವೇ, ಬೆಲೆ ಇಳಿದಿದೆ. ಆದರೆ ಲೆನ್ಸನ್ನು ಟಾರ್ಚು ಹಾಕಿ ನೋಡದೆ ತರಬಾರದು. ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಬೆಳಕು ಬಿಟ್ಟು, ಓರೆಯಾಗಿ ತಿರುಗಿಸಬೇಕು. ಒಳಗಿನ ಗಾಜಿನ ಅಂಚಿನಿಂದ ಜೇಡನ ಎಳೆಯಂಥ ಬಿಳಿ ಕವಲು ಹೊರಟಿದ್ದರೆ ಅದು ಬೂಷ್ಟು. ಆಗುಂಬೆ ಮಳೆಯಲ್ಲಿ ಮೂರು ವಾರ ಒದ್ದೆ ಬ್ಯಾಗಿನೊಳಗೇ ಬಿಟ್ಟ ನನ್ನ ಲೆನ್ಸಿಗೆ ಹೀಗೆ ಹಿಡಿಯಿತು. ಬಿಚ್ಚಿ ಒರೆಸಿಕೊಟ್ಟರು, ಆದರೆ ಗಾಜಿನ ಮೇಲಿನ ಲೇಪವನ್ನು ಅದು ತಿಂದುಹಾಕಿತ್ತು. ಎಳೆಗಳು ಇದ್ದಲ್ಲಿ ಮಾಸಲು ಗೆರೆ ಹಾಗೇ ಉಳಿಯಿತು, ಎದುರು ಬಿಸಿಲಿನ ಚಿತ್ರದಲ್ಲಿ ಈಗಲೂ ಮಬ್ಬು ಕಾಣುತ್ತದೆ. ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿಯಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕುವುದು. ಇಷ್ಟು ಮಾಡಿದ್ದರೆ ಸಾಕಿತ್ತು.

"ಟ್ರೈಪಾಡು?" ಅಂದರು.

ಹಳೇ ಪ್ಯಾಂಟಿನ ಒಂದು ಕಾಲು ಕತ್ತರಿಸಿ, ಎರಡು ಕಿಲೋ ಕಡಲೆಕಾಳು ತುಂಬಿ ಬಾಯಿ ಹೊಲಿದರೆ ಜೀಪಿನ ಕಂಬಿ, ಕೆರೆಯ ಕಲ್ಲು, ಈ ಕಾಂಪೌಂಡು ಎಲ್ಲದರ ಮೇಲೂ ಲೆನ್ಸು ಅಲುಗದೆ ಕೂರುತ್ತದೆ. ಸಂಡೂರಿನ ಎಂ.ವೈ. ಘೋರ್ಪಡೆ, ಟಿ.ಎನ್.ಎ. ಪೆರುಮಾಳ್ ಅವರಂಥವರು ಕೈಯಲ್ಲಿ ಫೋಕಸ್ ತಿರುಗಿಸುತ್ತ, ರೋಲು ಸುತ್ತುತ್ತ ತೆಗೆದ ಚಿತ್ರಗಳ ಮುಂದೆ ನಿಂತಾಗಲೆಲ್ಲ ನನಗೆ ಅವರ ಸಾಮಾನಿಗಿಂತ ಮೊದಲು ಅವರು ಕೂತ ಗಂಟೆಗಳು ನೆನಪಾಗುತ್ತವೆ.

ಒಳಗೆ ಹೋಗಿ ನನ್ನ 200ಡಿಗೆ 55-250 ಹಾಕಿ ತಂದು ಮೇಷ್ಟ್ರ ಕೈಗೆ ಕೊಟ್ಟೆ. ಅವರ ಕಡೆಯ ದಾಸವಾಳಕ್ಕೆ ಸೂರಕ್ಕಿಯೊಂದು ಬಂದಿತ್ತು. ಮೂರು ಮೀಟರ್ ಇರಬಹುದು. ಮೇಷ್ಟ್ರು ಮೊಣಕೈಗಳನ್ನು ಕಾಂಪೌಂಡಿನ ಮೇಲೆ ಊರಿ, ಕಿಂಡಿಗೆ ಕಣ್ಣಿಟ್ಟರು. ಬೆರಳಿನ ನಡುಕ ನಿಂತಿತ್ತು. ಹಕ್ಕಿ ಒಂದು ಹೂವಿನಿಂದ ಮತ್ತೊಂದಕ್ಕೆ ಜಿಗಿಯಿತು, ತಲೆಕೆಳಗಾಗಿ ಜೋತಿತು, ಮತ್ತೆ ಮೇಲೆ ಬಂತು. ಲೋಟದ ಕಾಫಿಯ ಮೇಲೆ ಕೆನೆ ಕಟ್ಟಿತು. ಕ್ಲಿಕ್ ಸದ್ದು ಬರಲೇ ಇಲ್ಲ.

"ತೆಗೀರಿ ಮೇಷ್ಟ್ರೇ" ಅಂದೆ ಮೆಲ್ಲಗೆ.

"ಶ್, ಈ ಕಡೆ ಹೂವಿಗೆ ಬರುತ್ತೆ ಇರು" ಅಂದರು.